ಬಾಯಿಂದ ಬರದ ಎಂಟು ಅಕ್ಷರ

೩ ಜೂನ್ ೧೯೯೬, ಸೋಮವಾರ, ನಿಪ್ಪಾಣಿ

ಔಷಧ ಕಂಪನಿಯವರು ಜನವರಿಯಲ್ಲಿ ಕೊಟ್ಟುಹೋದ ಡೈರಿ ಐದು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತು ಬರೆಯುವಂಥದ್ದು ಆಗಿದೆ. ನಮ್ಮ ಆಸ್ಪತ್ರೆಗೆ ಕಂಪ್ಯೂಟರ್ ಬಂತು. ಕೊಲ್ಹಾಪುರದಿಂದ ಟೆಂಪೋದಲ್ಲಿ ಹಾಸಿಗೆ ಸುತ್ತಿ ತಂದರು. ಆಯಾ ಲಕ್ಷ್ಮಿಬಾಯಿ ಅದರ ಗಾಜಿಗೇ ಕುಂಕುಮ ಹಚ್ಚಲು ಹೋದಳು, ಜೊತೆಗೆ ಬಂದಿದ್ದ ಇಂಜಿನಿಯರ್ ಹೌಹಾರಿ ಕೈ ಹಿಡಿದ. ಕಡೆಗೆ ಡಬ್ಬಿಯ ಪಕ್ಕಕ್ಕೆ ಹಚ್ಚಿ ಕಾಯಿಯನ್ನು ಹೊರಗೆ ಒಡೆದೆವು.

ಅದರ ಮುಂದೆ ಕೂಡುವವಳು ನಾನು. ಬೆಳಗಾವಿಯಲ್ಲಿ ಆರು ತಿಂಗಳು ಕ್ಲಾಸಿಗೆ ಹೋದದ್ದು ಇಡೀ ಆಸ್ಪತ್ರೆಯಲ್ಲಿ ನಾನೊಬ್ಬಳೇ. ಇನ್ನು ಮೇಲೆ ಚಪ್ಪಲಿ ಹೊರಗೆ ಬಿಡದೆ ಯಾರೂ ಆ ಖೋಲಿಗೆ ಕಾಲಿಡುವ ಹಾಗಿಲ್ಲ, ಡಾಕ್ಟರ್‌ಬಾಯಿ ಕೂಡ.

ಒಳಗಿನ ಹೆಸರುಗಳು ಎಲ್ಲರಿಗೂ ಕಾಣಬಾರದು, ಅದಕ್ಕೊಂದು ಪಾಸ್‌ವರ್ಡ್ ಬೇಕು ಎಂದು ಇಂಜಿನಿಯರ್ ಮರಾಠಿಯಲ್ಲಿ ಹೇಳಿದ. ಎಂಟು ಅಕ್ಷರ ಮೀರಬಾರದಂತೆ. ಕನಸಿನಲ್ಲೂ ನಿಮ್ಮ ಬಾಯಿಂದ ಬೀಳದಂಥ ಶಬ್ದ ಇಡಿ ಬಾಯಿ ಎಂದ. ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ. ನಾನು ಎರಡು ನಿಮಿಷವೂ ಯೋಚಿಸಲಿಲ್ಲ. ನನ್ನ ಬಾಯಿಂದ ಬೀಳದ ಶಬ್ದ ಈ ಲೋಕದಲ್ಲಿ ಒಂದೇ, ಇವರ ಹೆಸರು. ಮದುವೆಯಾಗಿ ಆರು ವರ್ಷ. ಹಬ್ಬದ ದಿನ ನಾಲ್ಕು ಹೆಂಗಸರು ಹಿಡಿದು ಕೂಡಿಸಿ, ಪ್ರಾಸದಲ್ಲಿ ಹೆಸರು ಸೇರಿಸಿ ಒಡಪು ಹೇಳಿಸಿದಾಗ ಬಿಟ್ಟರೆ ನಾನು ಗಂಡನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲೂ ಕಾರ್ಡು ಮುಂದೆ ಹಿಡಿದು ಬೆರಳಿಟ್ಟು ತೋರಿಸುತ್ತೇನೆ. ಇವರು ಇಂಗ್ಲಿಷಿನಲ್ಲಿ ಸಹಿ ಮಾಡುವ ಹಾಗೆ ಬರೆದರೆ ಎಣಿಸಿ ಎಂಟೇ ಅಕ್ಷರ. ಬಾಯಿಗೆ ಕಟ್ಟಳೆ ಇದೆ, ಬೆರಳಿಗೇನಿದೆ? ಟಕಟಕ ಒತ್ತಿದೆ.

೧೯ ಜೂನ್, ಬುಧವಾರ

ಹಳೆಯ ರಜಿಸ್ಟರುಗಳನ್ನೆಲ್ಲ ಒಳಗೆ ಹಾಕುತ್ತಿದ್ದೇನೆ. ಕಣ್ಣು ಉರಿಯುತ್ತವೆ, ಆದರೆ ಮಜಾ ಇದೆ. ಊರಲ್ಲಿ ಯಾರ ಹೊಟ್ಟೆಯಲ್ಲಿ ಏನಿದೆ ಎಂಬುದೆಲ್ಲ ನನಗೇ ಮೊದಲು ಗೊತ್ತಾಗುತ್ತದೆ. ನಮ್ಮ ಗಲ್ಲಿಯ ಬಾಬಾಸಾಹೇಬರು ಎದೆ ಸೆಟೆಸಿ ನಡೆಯುತ್ತಾರಲ್ಲ, ಅವರಿಗೆ ನಾಲ್ಕು ವರ್ಷದಿಂದ ಮೂಲವ್ಯಾಧಿ. ಕುಡಚಿಯಿಂದ ಬರುವ ಆ ಬಟ್ಟೆ ವ್ಯಾಪಾರಿಯ ಹೆಂಡತಿಗೆ ಎರಡು ಸಲ ಗರ್ಭ ಇಳಿದಿದೆ. ಭೋಜದ ಸುಂದ್ರವ್ವ, ವಯಸ್ಸು ಮೂವತ್ತೆಂಟು, ಬೀಡಿ ಕಟ್ಟುವವಳು, ಟೀಬಿ. ಭೋಜ ಒಂದರಲ್ಲೇ ಬೀಡಿ ಕಟ್ಟುವ ಒಂಬತ್ತು ಹೆಂಗಸರಿಗೆ ಟೀಬಿ.

ಊಟಕ್ಕೆ ಕೂತಾಗ ಬಾಬಾಸಾಹೇಬರ ಸುದ್ದಿ ಇವರಿಗೆ ಹೇಳಿದೆ. ಇವರು ನಕ್ಕೂ ನಕ್ಕೂ ನೀರು ನೆತ್ತಿಗೇರಿಸಿಕೊಂಡರು. ಇಲ್ಲಿ ಓದಿದ್ದು ಇಲ್ಲೇ ಇರಬೇಕು ಎಂದು ಡಾಕ್ಟರ್‌ಬಾಯಿ ದಿನಾ ಹೇಳುತ್ತಾರೆ. ಮನೆಯವರಿಗೆ ಹೇಳಿದರೆ ಹೊರಗೆ ಹೇಳಿದ ಹಾಗಲ್ಲವಲ್ಲ.

೬ ಜುಲೈ, ಶನಿವಾರ

ಶನಿವಾರ ಟೀಬಿ ಗುಳಿಗೆ ಕೊಡುವ ದಿನ. ಆ ಸುಂದ್ರವ್ವನನ್ನು ಇವತ್ತು ಕಣ್ಣಾರೆ ಕಂಡೆ. ಕಡ್ಡಿಯಂಥ ಹೆಂಗಸು, ಬೆರಳ ತುದಿಗಳೆಲ್ಲ ತಂಬಾಕಿನ ಬಣ್ಣ. ಸರದಿ ಬಂದರೂ ಮುಂದೆ ಬರದೆ ಎಲ್ಲರೂ ಹೋದ ಮೇಲೆ ನನ್ನ ಖೋಲಿಯ ಬಾಗಿಲಿಗೆ ಬಂದು ನಿಂತಳು.

“ಬಾಯಾರ, ಅದರಾಗ ನನ್ನ ಹೆಸರಿನ ಮುಂದ ಜಡ್ಡ ಬರೀಬ್ಯಾಡ್ರಿ. ಶಾಖಾದಾಗ ಗೊತ್ತಾತಂದ್ರ ಎಲಿ ಕೊಡೂದ ನಿಂದರಸ್ತಾರ.”

ಬೀಡಿ ಶಾಖೆಯಿಂದ ದಿನಾ ಎಲೆ, ತಂಬಾಕು ತಂದು ಮನೆಯಲ್ಲಿ ಕಟ್ಟಿ ಸಂಜೆ ಮುಟ್ಟಿಸುತ್ತಾಳಂತೆ. ಗಂಡನಿಲ್ಲ. ಮಗಳು ಏಳನೇ ಇಯತ್ತೆಯಲ್ಲಿ ಓದುತ್ತಾಳೆ, ಅವಳ ಶಾಲೆ, ಇಬ್ಬರ ಊಟ ಎಲ್ಲ ಅದರ ಮೇಲೇ. ಇನ್ನೂ ನಾಲ್ಕು ತಿಂಗಳು ಗುಳಿಗೆ ತೆಗೆದುಕೊಳ್ಳಬೇಕು. ಜಡ್ಡು ಬರೆಯದಿದ್ದರೆ ಗುಳಿಗೆ ಕೊಡಲು ಬರುವುದಿಲ್ಲ ಎಂದೆ. ಆಕೆ ಅಲ್ಲಿಂದ ಕದಲಲಿಲ್ಲ. ನನಗೂ ರೇಗಿತು. ಈ ಡಬ್ಬಿಗೆ ಬೀಗ ಇದೆ, ಬೀಗದ ಕೈ ನನ್ನ ತಲೆಯೊಳಗಿದೆ, ದೇವರು ಇಳಿದು ಬಂದರೂ ತೆರೆಯಲು ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಕೈ ಮುಗಿದು ಹೋದಳು.

ಭೋಜದ ಆ ಶಾಖೆಯಲ್ಲಿ ಕಾರಕೂನರಾಗಿ ಬೀಡಿ ಎಣಿಸಿಕೊಳ್ಳುವವರು ನಮ್ಮ ಮನೆಯವರೇ ಎಂದು ನಾನು ಹೇಳಲಿಲ್ಲ. ಹೇಳುವ ಅವಶ್ಯಕತೆಯಾದರೂ ಏನಿತ್ತು.

೨೫ ಜುಲೈ, ಗುರುವಾರ

ಮಳೆ ಬಿಟ್ಟಿಲ್ಲ. ಇವರು ಭೋಜದಿಂದ ಬಂದವರೇ ನೇರ ಆಸ್ಪತ್ರೆಗೆ ಬಂದು ನನ್ನ ಖೋಲಿಯಲ್ಲಿ ಕೂಡುತ್ತಾರೆ, ಇಬ್ಬರೂ ಒಂದೇ ಕೊಡೆಯಲ್ಲಿ ಮನೆಗೆ ಹೋಗುತ್ತೇವೆ. ಅತ್ತೆ ಅಕ್ಕವ್ವನಿಗೆ ಅದೂ ಕಣ್ಣಿಗೆ ಚುಚ್ಚುತ್ತದೆ, ಇರಲಿ.

ಇವತ್ತು ಇವರಿಗೆ ಕಂಪ್ಯೂಟರ್ ತೋರಿಸಿದೆ. ಊರಿನ ಹೆಸರು ಒತ್ತಿದರೆ ಸಾಕು, ಆ ಊರಿನ ಪೇಶಂಟುಗಳೆಲ್ಲ ಸಾಲಾಗಿ ಬರುತ್ತಾರೆ. ನನ್ನ ತವರು ಅನಂತಪುರ ಒತ್ತಿದೆ, ಇಬ್ಬರು ಬಂದರು, ಇಬ್ಬರೂ ಗುರುತಿನವರು. ಇವರು ಬೆರಗಾಗಿ ಕುರ್ಚಿ ಹತ್ತಿರ ಎಳೆದುಕೊಂಡರು. ಮೊದಲು ಒಳಗೆ ಹೋಗಲು ಏನು ಒತ್ತಿದಿ ಎಂದು ಕೇಳಿದರು. ನಾನು ಹುಬ್ಬು ಹಾರಿಸಿ, ನನ್ನ ಬಾಯಿಂದ ಬರಲಾರದ ಶಬ್ದ ಎಂದೆ. ಇವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ಇಬ್ಬರೂ ಕೂಡಿ ನಕ್ಕದ್ದು.

ದಾರಿಯಲ್ಲಿ ಇವರು ತಮ್ಮ ಮಾಲಕ ಬಾಪುಸಾಹೇಬರ ಸುದ್ದಿ ತೆಗೆದರು. ಬೀಡಿ ಕಟ್ಟುವವರಲ್ಲಿ ಕೆಮ್ಮುವವರು ಬಹಳ ಆಗಿದ್ದಾರೆ, ಯಾರಿಗೆ ಏನು ಜಡ್ಡು ನೋಡಿ ತಿಳಿಸಿರಿ ಎಂದು ದಿನಾ ತಲೆ ತಿನ್ನುತ್ತಾರಂತೆ. ಅವರಿಗೆ ಬೇರೆ ಕೆಲಸವಿಲ್ಲ ಎಂದೆ.

೧೪ ಆಗಸ್ಟ್, ಬುಧವಾರ

ನಾಳೆ ಝಂಡಾ ಹಾರಿಸುವ ದಿನ. ಸಂಜೆ ಐದೂವರೆಗೆ ಡಾಕ್ಟರ್‌ಬಾಯಿ ಎಲ್ಲರನ್ನೂ ಮೇಲಿನ ವಾರ್ಡಿಗೆ ಕರೆದು, ಯಾರು ಸಿಹಿ ಹಂಚುವುದು, ಯಾರು ಹಗ್ಗ ಕಟ್ಟುವುದು ಎಂದು ಅರ್ಧ ತಾಸು ಕೊರೆದರು. ಇವರು ಕೆಳಗೆ ಖೋಲಿಯಲ್ಲಿ ಕಾಯುತ್ತಿದ್ದರು, ಪಾಪ.

ಇಳಿದು ಬಂದಾಗ ಪ್ರಿಂಟರ್ ಬೆಚ್ಚಗಿತ್ತು. ಮಧ್ಯಾಹ್ನದಿಂದ ಆರಿಸದೆ ಬಿಟ್ಟಿದ್ದೆನೇನೋ. ಹೀಗೆ ಮರೆತರೆ ಸುಟ್ಟು ಹೋದೀತು.

೨೪ ಆಗಸ್ಟ್, ಶನಿವಾರ

ಇವತ್ತು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಗುಳಿಗೆಯ ಸರದಿಯಲ್ಲಿ ಭೋಜದವರು ಒಬ್ಬರೂ ಇರಲಿಲ್ಲ. ಹನ್ನೊಂದಕ್ಕೆ ಸುಂದ್ರವ್ವ ಒಬ್ಬಳೇ ಬಂದಳು. ಗುಳಿಗೆಯ ಕಿಟಕಿಗೆ ಹೋಗದೆ ನನ್ನ ಬಾಗಿಲಿಗೆ ಬಂದಳು. ಚಪ್ಪಲಿ ಬಿಡಲಿಲ್ಲ. ಶಾಖೆಯಲ್ಲಿ ಒಂಬತ್ತು ಹೆಂಗಸರ ಕೆಲಸದ ಕಾರ್ಡು ಕಸಿದುಕೊಂಡಿದ್ದಾರಂತೆ. ಯಾವುದೋ ಕಾಗದದಲ್ಲಿದ್ದ ಹೆಸರುಗಳನ್ನು ಬಾಪುಸಾಹೇಬರ ಮನುಷ್ಯ ಎಲ್ಲರೆದುರು ಓದಿದನಂತೆ, ಬೀಡಿ ಜನರ ಬಾಯಿಗೆ ಹೋಗುವ ಮಾಲು, ಜಡ್ಡಿನವರ ಕೈ ಬೇಡ ಎಂದನಂತೆ. ಈಗ ಊರಲ್ಲಿ ಆಕೆಗೆ ನೀರಿನ ಸರದಿಯಲ್ಲೂ ದೂರ ನಿಲ್ಲು ಅನ್ನುತ್ತಾರೆ. ಮಗಳ ಪಕ್ಕ ಶಾಲೆಯಲ್ಲಿ ಯಾರೂ ಕೂಡುವುದಿಲ್ಲ.

“ದೇವರಿಗೂ ತಗಿಯಾಕ ಬರೂದಿಲ್ಲ ಅಂದಿದ್ದಿಯಲ್ಲ,” ಎಂದಳು. ಬಾಯಾರ ಅನ್ನಲಿಲ್ಲ, ರಿ ಅನ್ನಲಿಲ್ಲ. ಅಂದವಳೇ ಹೊರಟುಹೋದಳು.

ಒಂಬತ್ತೂ ಹೆಸರು ನಮ್ಮ ಪಟ್ಟಿಯವೇ. ಡಾಕ್ಟರ್‌ಬಾಯಿ ನನ್ನನ್ನೇ ಮೊದಲು ಕರೆದು ಕೇಳಿದರು. ಏಳು ವರ್ಷ ದುಡಿದವಳ ಮೇಲೆ ಸಂಶಯ! ಕೆಲಸ ಬಿಟ್ಟು ಹೋಗುತ್ತೇನೆ ಎಂದು ಎದುರು ಮಾತಾಡಿಬಿಟ್ಟೆ. ಇದು ಲ್ಯಾಬಿನವರ ಬಾಯಿಯೇ ಇರಬೇಕು, ಅವರಿಗೆ ಚಹದಂಗಡಿಯಲ್ಲಿ ಕೂತರೆ ನಾಲಿಗೆ ನಿಲ್ಲುವುದಿಲ್ಲ.

೨೬ ಆಗಸ್ಟ್, ಸೋಮವಾರ

ಡಾಕ್ಟರ್‌ಬಾಯಿ ಕೊಲ್ಹಾಪುರಕ್ಕೆ ಫೋನು ಹಚ್ಚಿ ಇಂಜಿನಿಯರನ ಹತ್ತಿರ ನನ್ನನ್ನೇ ಮಾತಾಡಲು ಬಿಟ್ಟರು. ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು, ಏನು ಪ್ರಿಂಟು ತೆಗೆದರು ಎಂಬುದನ್ನು ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಹುಡುಕುವುದನ್ನು ಹೇಳಿಕೊಟ್ಟ.

ಒಬ್ಬಳೇ ಕೂತು ಹುಡುಕಿದೆ. ಆಗಸ್ಟ್ ಹದಿನಾಲ್ಕು, ಸಂಜೆ ಐದು ನಲವತ್ತು. ಹೋದವರು: ಕುಸುಮ, ಅಂದರೆ ನಾನು. ಊರು: ಭೋಜ. ಪ್ರಿಂಟು: ಒಂದು.

ಆ ಹೊತ್ತಿಗೆ ಕುಸುಮ ಮೇಲಿನ ವಾರ್ಡಿನಲ್ಲಿ ಸಿಹಿಯ ಲೆಕ್ಕ ಕೇಳುತ್ತ ನಿಂತಿದ್ದಳು.

ಕಂಪ್ಯೂಟರ್ ಆರಿಸಿ ಎದ್ದೆ. ಸಿಗಲಿಲ್ಲ ಎಂದು ಡಾಕ್ಟರ್‌ಬಾಯಿಗೆ ಸುಳ್ಳು ಹೇಳಿದೆ.

೨೭ ಆಗಸ್ಟ್, ಮಂಗಳವಾರ

ಬೆಳಿಗ್ಗೆ ಇವರು ಬಸ್ಸಿಗೆ ಹೊರಡುವ ಮುಂಚೆ ಕೇಳಿದೆ. ಅತ್ತೆ ಹಿತ್ತಲಲ್ಲಿದ್ದರು. ಇವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

“ನೀ ಹೇಳಲಿಲ್ಲ, ನಾ ಕೇಳಲಿಲ್ಲ. ಬಾಯಿಂದ ಬರಲಾರದ ಶಬ್ದ ಅಂದಿ. ಲಗ್ನ ಆದ ಹೆಣ್ಣಮಗಳ ಬಾಯಿಂದ ಬರಲಾರದ್ದು ಮತ್ಯಾವುದೈತಿ? ನನ್ನ ಹೆಸರ ನಾ ಒತ್ತಿದೆ.”

ಇಂಜಿನಿಯರನಿಗೆ ತಿಳಿಯದ್ದು, ಡಾಕ್ಟರ್‌ಬಾಯಿಗೆ ತಿಳಿಯದ್ದು, ಈ ಕಡೆಯ ಯಾವ ಮನೆಯಲ್ಲಿ ಕೇಳಿದ್ದರೂ ಒಂದೇ ಏಟಿಗೆ ಹೇಳುತ್ತಿದ್ದರು. ನಾನು ಯಾರಿಂದ ಅದನ್ನು ಅಡಗಿಸಿಟ್ಟಿದ್ದೆನೋ ಅವರ ಹೆಸರೇ ಅದಾಗಿತ್ತಲ್ಲ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಇವರು ಹೇಳಿದ್ದಿಷ್ಟು. ಪಟ್ಟಿ ಕೊಡದಿದ್ದರೆ ಬೇರೆ ಕಾರಕೂನನನ್ನು ನೋಡುತ್ತೇನೆ ಎಂದು ಬಾಪುಸಾಹೇಬರು ಗಂಟು ಬಿದ್ದಿದ್ದರು. ಜಡ್ಡಿನವರಿಗೆ ಎರಡು ತಿಂಗಳು ರಜೆ ಕೊಡುತ್ತಾರೆ ಎಂದು ಇವರು ತಿಳಿದಿದ್ದರು. ಎಲ್ಲರೆದುರು ಓದಿಸುತ್ತಾರೆಂದು ತಿಳಿದಿರಲಿಲ್ಲ. ಅವರು ಓದುವಾಗ ಇವರು ಒಳಗೆ ಹೋಗಿ ತಕ್ಕಡಿಯ ಹಿಂದೆ ಕೂತಿದ್ದರಂತೆ. ಇದನ್ನು ಹೇಳುವಾಗ ಚಪ್ಪಲಿಯ ಪಟ್ಟಿಯನ್ನು ಹಾಕುವುದು, ಬಿಚ್ಚುವುದು ಮಾಡುತ್ತಿದ್ದರು. ನಾನು ಊಟದ ಡಬ್ಬಿ ಕಟ್ಟಿ ಕೊಡಲಿಲ್ಲ. ಇವರೂ ಕೇಳದೆ ಹೋದರು.

೩೧ ಆಗಸ್ಟ್, ಶನಿವಾರ

ಒಂಬತ್ತರಲ್ಲಿ ಮೂವರು ಬಂದರು. ಆಕೆ ಬರಲಿಲ್ಲ.

೨ ಸೆಪ್ಟೆಂಬರ್, ಸೋಮವಾರ

ಪಾಸ್‌ವರ್ಡ್ ಬದಲಿಸಿದೆ. ಯಾರ ಹೆಸರೂ ಅಲ್ಲ, ಯಾವ ಶಬ್ದವೂ ಅಲ್ಲ.

ಇವರು ಸಂಜೆ ಈಗ ಆಸ್ಪತ್ರೆಗೆ ಬರುವುದಿಲ್ಲ. ಬಾಬಾಸಾಹೇಬರು ಗಲ್ಲಿಯಲ್ಲಿ ಎದುರಾಗಿ, ಏನವ್ವಾ, ಆರಾಮ ಇದ್ದೀಯಾ ಎಂದು ಕೇಳಿದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

೭ ಸೆಪ್ಟೆಂಬರ್, ಶನಿವಾರ

ಇವತ್ತು ಇಬ್ಬರೇ. ಡಾಕ್ಟರ್‌ಬಾಯಿ ಗುಳಿಗೆಯ ಡಬ್ಬಿ ಮುಂದಿಟ್ಟುಕೊಂಡು ತಲೆಗೆ ಕೈ ಹಚ್ಚಿ ಕೂತಿದ್ದರು. ಅರ್ಧಕ್ಕೆ ಬಿಟ್ಟರೆ ಜಡ್ಡು ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ, ಆಮೇಲೆ ಈ ಗುಳಿಗೆ ಅದಕ್ಕೆ ನಾಟುವುದಿಲ್ಲ, ಈ ಏಳು ಜನರಲ್ಲಿ ಯಾರು ಉಳಿಯುತ್ತಾರೋ ಎಂದರು. ನನ್ನನ್ನು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ನನ್ನ ಕಡೆ ನೋಡಿ ಮಾತಾಡಲೂ ಇಲ್ಲ, ಗೋಡೆಗೆ ಹೇಳಿದ ಹಾಗೆ ಹೇಳಿದರು.

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಪಾಸ್‌ವರ್ಡು, ಹದಿನಾಲ್ಕನೇ ತಾರೀಖು, ಮನೆಯವರು, ನನ್ನ ಸುಳ್ಳು. ಊಟದ ಹೊತ್ತಿಗೆ ಮನೆಯಲ್ಲಿ ಹೇಳಿ ನಕ್ಕದ್ದನ್ನೂ ಹೇಳಿದೆ, ಅದನ್ನು ಯಾರೂ ಕೇಳಿರಲಿಲ್ಲ. ಡಾಕ್ಟರ್‌ಬಾಯಿ ಪೆನ್ನಿಗೆ ಟೋಪಿ ಹಾಕಿ ಕೆಳಗಿಟ್ಟರು.

“ನಿನ್ನನ್ನ ಏನ ಮಾಡಬೇಕು ಅನ್ನೋದು ಆಮೇಲೆ. ಮೊದಲ ಅವರನ್ನ ಕರಕೊಂಡ ಬಾ.”

೧೨ ಸೆಪ್ಟೆಂಬರ್, ಗುರುವಾರ

ರಜೆ ಹಾಕಿ, ಜನರನ್ನು ತುಂಬಿಕೊಂಡು ಓಡುವ ವಡಾಪ್ ಜೀಪಿನಲ್ಲಿ ಭೋಜಕ್ಕೆ ಹೋದೆ. ಸುಂದ್ರವ್ವನ ಮನೆ ಯಾವುದು ಎಂದು ದಾರಿಯಲ್ಲಿ ಯಾರನ್ನೂ ಕೇಳುವ ಹಾಗಿರಲಿಲ್ಲ. ಆಸ್ಪತ್ರೆಯವಳು ಯಾರ ಮನೆ ಕೇಳಿದರೂ ಆ ಮನೆಗೊಂದು ಕೆಟ್ಟ ಹೆಸರು ಬಂದಂತೆಯೇ. ಶಾಲೆಯ ಹಿಂದಿನ ಓಣಿ ಎಂದು ಎಂದೋ ಆಕೆಯೇ ಹೇಳಿದ್ದು ನೆನಪಿತ್ತು. ಎರಡು ಸಲ ಆ ಓಣಿ ಸುತ್ತಿದೆ.

ಜುಲೈನಲ್ಲಿ ನನ್ನೆದುರು ಕೈ ಮುಗಿದಿದ್ದ ಹೆಣ್ಣುಮಗಳು ಈಗ ಬಾಗಿಲಲ್ಲಿ ಕುಡಗೋಲು ಹಿಡಿದು ನಿಂತಿದ್ದಳು. ಕಳೆ ತೆಗೆಯಲು ಹೊರಟಿದ್ದಳು. ಊರಲ್ಲಿ ಯಾರೂ ಕೂಲಿಗೆ ಕರೆಯುವುದಿಲ್ಲ, ದೂರದ ಹೊಲಕ್ಕೆ ಹೋಗುತ್ತಾಳಂತೆ. ನಾಲ್ಕು ಮಾತಿಗೊಮ್ಮೆ ಕೆಮ್ಮು ಬರುತ್ತಿತ್ತು. ಒಳಗೆ ಕರೆಯಲಿಲ್ಲ. ನಾನು ಅಂಗಳದಲ್ಲೇ ನಿಂತು ಗುಳಿಗೆ ಬಿಡಬೇಡ ಅಕ್ಕಾ, ಜೀವಕ್ಕೆ ಅಪಾಯ ಎಂದೆ. ಡಾಕ್ಟರ್‌ಬಾಯಿ ಹೇಳಿದ್ದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿದಳು.

“ಯಾರ ಕೊಟ್ರು ನನ್ನ ಹೆಸರ? ಅದನ್ನ ಹೇಳು ಮೊದಲ.”

ನಮ್ಮ ಮನೆಯವರು ಎಂದೆ. ಆಕೆಗೆ ತಿಳಿಯಲಿಲ್ಲ. ಯಾವ ಮನೆಯವರು ಎಂದಳು. ನನ್ನ ಯಜಮಾನರು, ಇಲ್ಲಿ ಕೆಲಸಕ್ಕೆ ಇದ್ದಾರೆ ಎಂದೆ. ತಲೆ ಅಲ್ಲಾಡಿಸಿದಳು.

“ನನ್ನ ಹೆಸರ ಇಡೀ ಊರ ಬಾಯಾಗ ಹಾಕಿದಿರಿ. ಈಗ ಆ ಒಂದ ಹೆಸರ ನಿನ್ನ ಬಾಯಿಂದ ಬರಲಿ.”

ಹೇಳಿದೆ. ಜ್ಞಾನದೇವ ಎಂದೆ. ಒಡಪಿಲ್ಲ, ಪ್ರಾಸವಿಲ್ಲ, ಹಿಂದೆ ನಗುವ ಹೆಂಗಸರಿಲ್ಲ. ಹೇಳಿದ ಮೇಲೆ ಬಾಯಿ ಒಣಗಿತು, ಬೇರೆ ಏನೂ ಆಗಲಿಲ್ಲ.

ಆಕೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ಕಾರಕೂನಾ? ನನ್ನ ಬೀಡಿ ಎಣಸಾಂವಾ? ಮೂರ ವರ್ಷ ಆತು, ದಿನಾ ಅಕ್ಕಾ ಅಂತಿದ್ನಲ್ಲ ಅಂವಾ.”

ಶನಿವಾರ ಬರುತ್ತೀಯಾ ಎಂದು ಕೇಳಿದೆ. ಹೋಗು, ನನಗೆ ಹೊಲಕ್ಕೆ ಹೊತ್ತಾಯಿತು ಎಂದಳು.

೧೪ ಸೆಪ್ಟೆಂಬರ್, ಶನಿವಾರ

ಐವರು ಬಂದರು, ಒಬ್ಬರಿಂದೊಬ್ಬರಿಗೆ ಮಾತು ಮುಟ್ಟಿರಬೇಕು. ಆಕೆ ಇಲ್ಲ. ಸರದಿ ಮುಗಿದ ಮೇಲೂ ಒಂದು ತಾಸು ಕಿಟಕಿ ತೆರೆದಿಟ್ಟೆ.

೧೯ ಸೆಪ್ಟೆಂಬರ್, ಗುರುವಾರ

ಡಾಕ್ಟರ್‌ಬಾಯಿ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕಂಪ್ಯೂಟರಿನಿಂದ ತೆಗೆದು ಗುಳಿಗೆಯ ಕಿಟಕಿಗೆ ಹಾಕಿದರು. ಖೋಲಿಗೆ ಈಗ, ಗುಳಿಗೆಯ ಕಿಟಕಿಯಲ್ಲಿ ರಜಿಸ್ಟರು ಬರೆಯುತ್ತಿದ್ದ ಲಗಮಣ್ಣ ಬಂದಿದ್ದಾನೆ. ಚಪ್ಪಲಿ ಬಿಡಲಿ ಬಿಡದಿರಲಿ ಎಂದುಕೊಂಡೆ, ಆದರೆ ಪಾಸ್‌ವರ್ಡು ಹೇಗಿಡಬೇಕು, ಎದ್ದು ಹೋಗುವಾಗ ಏನು ಮುಚ್ಚಿ ಹೋಗಬೇಕು ಎಂಬುದನ್ನು ಮೂರು ಸಲ ಹೇಳಿಕೊಟ್ಟೆ. ಶನಿವಾರದವರನ್ನು ಇನ್ನು ಮೇಲೆ ಹೆಸರು ಕೇಳುವಂತಿಲ್ಲ, ಅವರ ಚೀಟಿಯ ನಂಬರು ಮಾತ್ರ ನೋಡಬೇಕು ಎಂದು ಡಾಕ್ಟರ್‌ಬಾಯಿ ಹೊಸ ಪದ್ಧತಿ ಮಾಡಿದ್ದಾರೆ. ಹಾಗೆ ಮಾಡಿರಿ ಎಂದು ಕೇಳಿಕೊಂಡವಳು ನಾನೇ.

ಇವರು ಬಾಪುಸಾಹೇಬರ ಹತ್ತಿರ ಹೋಗಿ ಆ ಕಾರ್ಡುಗಳನ್ನು ತಿರುಗಿ ಕೊಡಿರಿ ಎಂದು ಕೇಳಿದರಂತೆ. ಜಡ್ಡು ಹೋಗಿದೆ ಎಂದು ಆಸ್ಪತ್ರೆಯವರು ಬರೆದುಕೊಟ್ಟರೆ ನೋಡೋಣ ಎಂದರಂತೆ. ಶಾಖೆಯಲ್ಲಿ ಈಗ ಹೆಂಗಸರು ಬೀಡಿಯ ಕಟ್ಟನ್ನು ಇವರ ಕೈಗೆ ಕೊಡುವುದಿಲ್ಲ, ನೆಲಕ್ಕಿಟ್ಟು ಹಿಂದೆ ಸರಿಯುತ್ತಾರೆ. ಹೇಳಿ ಅತ್ತರು. ನಾನು ಅವರ ಪಕ್ಕದಲ್ಲಿ ಕೂತೆ.

೨೧ ಸೆಪ್ಟೆಂಬರ್, ಶನಿವಾರ

ಆಕೆ ಬಂದಳು.

ಸರದಿಯ ನಡುವೆ ನಿಂತಿದ್ದಳು, ಎಲ್ಲರೂ ಹೋಗಲಿ ಎಂದು ಹಿಂದೆ ಸರಿಯಲಿಲ್ಲ. ನಾನು ಕಿಟಕಿಯಲ್ಲಿ, ಲಗಮಣ್ಣ ಶನಿವಾರದ ಮಟ್ಟಿಗೆ ನನ್ನ ಪಕ್ಕ ರಜಿಸ್ಟರು ಹಿಡಿದು ಕೂತಿದ್ದ. ಆಕೆ ಚೀಟಿ ಮುಂದೆ ಇಡುವಷ್ಟರಲ್ಲಿ ಅವನು ಹಳೆಯ ರೂಢಿಯಂತೆ ತಲೆ ಎತ್ತದೆ, ಹೆಸರು ಎಂದು ಕೇಳಿಬಿಟ್ಟ. ನಾನು ಅವನ ಕೈ ಒತ್ತಿದೆ. ನಂಬರಿದೆ, ಹೇಳಬೇಕಾಗಿಲ್ಲ ಎಂದು ಆಕೆಗೂ ಹೇಳಿದೆ.

ಆಕೆ ಕೇಳಲಿಲ್ಲ. ಹಿಂದೆ ಇಪ್ಪತ್ತು ಜನ ನಿಂತಿದ್ದರು. ತನ್ನ ಹೆಸರು, ತನ್ನ ಊರು, ತನ್ನ ಜಡ್ಡು, ಮೂರನ್ನೂ ಒಂದರ ಹಿಂದೊಂದು ಗಟ್ಟಿಯಾಗಿ ಹೇಳಿದಳು.

“ಬರಕೋ,” ಎಂದಳು ಲಗಮಣ್ಣನಿಗೆ. “ಇನ್ನ ಯಾರ ಮುಂದ ಮುಚ್ಚೂದೈತಿ?”

ಅವನು ಬರೆದುಕೊಳ್ಳಲಿಲ್ಲ, ನನ್ನ ಮುಖ ನೋಡಿದ. ನನಗೆ ಆ ಕ್ಷಣ ಭೂಮಿ ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು. ಆಕೆಗೆ ಇದ್ದದ್ದು ಅದೊಂದೇ ಗುಟ್ಟು, ಅದನ್ನು ಕಾಯುತ್ತೇನೆಂದು ಮಾತು ಕೊಟ್ಟವಳು ನಾನು. ಒಂದು ವಾರದ ಗುಳಿಗೆ ಎಣಿಸಿದೆ, ತಪ್ಪಿತು, ಮತ್ತೆ ಎಣಿಸಿದೆ. ಕೈಗೆ ಕೊಡುವಾಗ, ಬಂದದ್ದು ಬಹಳ ಒಳ್ಳೆಯದಾಯಿತು ಅಕ್ಕಾ ಎಂದೆ.

“ನೀ ಹೇಳಿದಿ ಅಂತ ಬಂದಿಲ್ಲ,” ಎಂದಳು. “ನನಗ ಸಾಯಾಕ ಮನಸ್ಸಿಲ್ಲ.”

ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುಂದಿನ ಶನಿವಾರ ಬಾ ಎಂದು ಹೇಳುವ ಅಧಿಕಾರ ನನಗಿದೆ ಎನ್ನಿಸಲಿಲ್ಲ. ಆಕೆಯೇ ಎರಡು ಹೆಜ್ಜೆ ಹೋದವಳು ತಿರುಗಿ ನೋಡದೆ, ಬರುತ್ತೇನೆ ಎಂದಳು.